ಕಡ್ಡಿ ಭಾವನ ಮಾಂಸಖಂಡ

ಪರದೆ ಕಟ್ಟುವುದು ಸುಲಭದ ಕೆಲಸ ಎಂದುಕೊಂಡವರು ಒಂದು ದಿನ ಏಣಿಯ ಮೇಲೆ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿಕೊಂಡು ನೋಡಬೇಕು. ಪೊಲೀಸರ ಎದುರು ಕಳ್ಳರೂ ಅಷ್ಟು ಹೊತ್ತು ಕೈ ಎತ್ತಿ ನಿಲ್ಲುವುದಿಲ್ಲ. ನಮ್ಮ ಕಡ್ಡಿ ಮದುವೆಗೆ ಮುಂಚಿನಿಂದಲೂ ಅದೇ ಕೆಲಸ ಮಾಡಿಕೊಂಡು ಬಂದವನು. ಮಾರುಕಟ್ಟೆಯ ಹತ್ತಿರದ ಪರದೆ ಅಂಗಡಿಯಲ್ಲಿ ಅವನು ಫಿಟ್ಟರ್. ಗಿರಾಕಿಗಳ ಮನೆಗೆ ಹೋಗಿ, ಕಿಟಕಿಯ ಮೇಲುಗಡೆ ಗೋಡೆ ಕೊರೆದು, ಸರಳು ಕೂರಿಸಿ, ಅದಕ್ಕೆ ಪರದೆ ಪೋಣಿಸಿ ಇಳಿಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡುವುದು ಅವನ ಉದ್ಯೋಗ. ಪರದೆಯ ಸರಳನ್ನು ಹೆಗಲ ಮೇಲಿಟ್ಟುಕೊಂಡು ಅವನು ಬೀದಿಯಲ್ಲಿ ಬರುತ್ತಿದ್ದರೆ, ಯಾವುದು ಯಾವುದನ್ನು ಹೊತ್ತಿದೆ ಎಂದು ದೂರದಿಂದ ಹೇಳುವುದು ಕಷ್ಟವಿತ್ತು. ಹಾಗಾಗಿ ಊರಿಗೆಲ್ಲ ಅವನು ಕಡ್ಡಿ.

ತೆಳ್ಳಗಿರುವುದು ಅಪರಾಧವಲ್ಲ. ಆದರೆ ತೆಳ್ಳಗಿರುವವನ ಹೆಂಡತಿಯ ತಮ್ಮ ಪೈಲ್ವಾನನಾಗಿರುವುದು ದುರದೃಷ್ಟ. ಕಡ್ಡಿಯ ಭಾವಮೈದ ಗೋದಾಮಿನಲ್ಲಿ ಮೂಟೆ ಎತ್ತುವ ಕೆಲಸದವನು. ಸಂಜೆ ವ್ಯಾಯಾಮಶಾಲೆಗೆ ಹೋಗಿ, ಹಗಲೆಲ್ಲ ಎತ್ತಿದ್ದು ಸಾಲದೆಂಬಂತೆ ಅಲ್ಲಿಯೂ ಎತ್ತುತ್ತಿದ್ದ. ಮನಸ್ಸು ಮಾತ್ರ ಬೆಣ್ಣೆ. ಆದರೂ ಒಂದು ಸಲ, ನೆಂಟರೆಲ್ಲ ಸೇರಿದ್ದ ಮನೆಯಲ್ಲಿ, ಯಾರೋ ನೀನು ಎಷ್ಟು ಭಾರ ಎತ್ತಬಲ್ಲೆ ಎಂದು ಕೇಳಿದ್ದಕ್ಕೆ, ಪಕ್ಕದಲ್ಲೇ ನಿಂತಿದ್ದ ಭಾವನನ್ನು ಒಂದೇ ಕೈಯಲ್ಲಿ ಎತ್ತಿ ಬೀರುವಿನ ಮೇಲೆ ಕೂರಿಸಿಬಿಟ್ಟಿದ್ದ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆದರು, ಎಲ್ಲರೂ ಎದ್ದು ಹೋದರು. ಕಡ್ಡಿ ಬೀರುವಿನ ಮೇಲೆಯೇ ಉಳಿದ. ಅವನಿಲ್ಲ ಎಂಬುದು ಹೆಂಡತಿಗೆ ಗೊತ್ತಾದದ್ದು ಎರಡನೆಯ ಸಲ ಅನ್ನ ಬಡಿಸುವಾಗ.

ಆ ದಿನದಿಂದ ಅವನಿಗೆ ಒಂದೇ ಆಸೆ: ಮೈಯಲ್ಲಿ ಎಲ್ಲಾದರೂ ಒಂದು ಮಾಂಸಖಂಡ ಇರಬೇಕು. ಎಲ್ಲಿದ್ದರೂ ಚಿಂತೆಯಿಲ್ಲ.

ಹೀಗಿರುವಾಗ ಅವನ ಬಲಗೈ ಜುಮುಜುಮು ಎನ್ನತೊಡಗಿತು. ಸರಳು ಎತ್ತಿ ಹಿಡಿದರೆ ಬೆರಳುಗಳಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಒಮ್ಮೆ ಗಿರಾಕಿಯ ನೆತ್ತಿಯ ಮೇಲೆ ಸುತ್ತಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಅಂಗಡಿ ಯಜಮಾನರು ಅವನನ್ನು ಬೈದು ಆಸ್ಪತ್ರೆಗೆ ಅಟ್ಟಿದರು. ಡಾಕ್ಟರಮ್ಮ ಕೈ ಎತ್ತಿಸಿದರು, ಇಳಿಸಿದರು, ಕತ್ತು ತಿರುಗಿಸಿದರು, ಸ್ಕ್ಯಾನ್ ಮಾಡಿಸಿದರು. ಕೊನೆಗೆ ಅವನ ಕೊರಳೆಲುಬಿನ ಕೆಳಗೆ ಪೆನ್ನಿನ ತುದಿಯಿಟ್ಟು ಹೇಳಿದರು:

"ಇಲ್ಲಿ, ಈ ಮೂಳೆ ಅಡಿಯಲ್ಲಿ ಒಂದು ಪುಟ್ಟ ಮಾಂಸಖಂಡ ಇದೆ. ಮೊದಲನೇ ಪಕ್ಕೆಲುಬಿಂದ ಹೊರಟು ಈ ಕೊರಳೆಲುಬಿನ ತಳಕ್ಕೆ ಅಂಟಿಕೊಂಡಿರುತ್ತೆ. ಸಬ್‌ಕ್ಲೇವಿಯಸ್ ಅಂತ ಅದರ ಹೆಸರು. ಸಾಮಾನ್ಯವಾಗಿ ಸಣ್ಣದಾಗಿರುತ್ತೆ, ಅದು ಇದೆ ಅಂತಾನೂ ಯಾರಿಗೂ ಗೊತ್ತಿರಲ್ಲ. ನಿಮಗೆ ಚೆನ್ನಾಗಿ ಬೆಳೆದಿದೆ. ಭಾರ ಎತ್ತೋ ಕ್ರೀಡಾಪಟುಗಳಲ್ಲಿ ಕೆಲವು ಸಲ ಹೀಗಾಗೋದುಂಟು."

ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಮೂಳೆಗೂ ಪಕ್ಕೆಲುಬಿಗೂ ನಡುವೆ ಇರುವುದು ಒಂದು ಇಕ್ಕಟ್ಟು ಗಲ್ಲಿ, ಕೈಗೆ ಹೋಗುವ ರಕ್ತನಾಳವೂ ನರಗಳೂ ಅದರಲ್ಲೇ ಓಡಾಡಬೇಕು, ಗಲ್ಲಿಯಲ್ಲಿ ಯಾರೋ ಜಗಲಿ ಮುಂದಕ್ಕೆ ಕಟ್ಟಿದರೆ ಹೇಗೋ ಹಾಗೆ ಈ ಮಾಂಸಖಂಡ ದಪ್ಪಗಾಗಿ ದಾರಿ ಕಿರಿದಾಗಿದೆ, ಅದಕ್ಕೇ ಜುಮುಜುಮು, ಆರು ವಾರ ಕೈ ಮೇಲೆತ್ತುವ ಕೆಲಸ ಬೇಡ, ಹೇಳಿಕೊಟ್ಟ ವ್ಯಾಯಾಮ ಮಾಡಿ ಎಂದೆಲ್ಲ ವಿವರಿಸಿದರು. ಕಡ್ಡಿ ತಲೆಯಾಡಿಸುತ್ತಿದ್ದ. ಆದರೆ ಅವನ ಕಿವಿ 'ಕ್ರೀಡಾಪಟುಗಳಲ್ಲಿ' ಎಂಬ ಮಾತಿನ ಹತ್ತಿರವೇ ಬಾಗಿಲು ಹಾಕಿಕೊಂಡಿತ್ತು. ಆರು ವಾರ ಎಂಬುದೊಂದು ಹೇಗೋ ಸಂದಿಯಲ್ಲಿ ನುಸುಳಿಕೊಂಡಿತು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದಳು. ಇಂಥ ಸುದ್ದಿಯನ್ನು ಮಿಕ್ಸಿ ನಿಲ್ಲುವವರೆಗೆ ತಡೆದಿಟ್ಟುಕೊಳ್ಳಲು ಋಷಿಗಳಿಗೂ ಆಗುವುದಿಲ್ಲ. ಕಡ್ಡಿ ಬಾಗಿಲಲ್ಲೇ ನಿಂತು, ಕೊರಳೆಲುಬಿನ ಕೆಳಗೆ ಬೆರಳಿಟ್ಟು ತೋರಿಸುತ್ತಾ, ಇಲ್ಲಿ ನನಗೊಂದು ಮಾಂಸಖಂಡವಿದೆ ಎಂದು ಶುರುಮಾಡಿದ. 'ಇಲ್ಲಿ' ಕೇಳಿಸಿತು. ಮಾಂಸಖಂಡವನ್ನು ಮಿಕ್ಸಿ ಅರೆದುಹಾಕಿತು. ಅವಳು ಮಿಕ್ಸಿ ನಿಲ್ಲಿಸುವ ಹೊತ್ತಿಗೆ ಅವನು ಹೇಳುತ್ತಿದ್ದದ್ದು ಇಷ್ಟು: "…ಬೆಳೆದಿದೆಯಂತೆ. ಎಲ್ಲರಿಗೂ ಬರಲ್ಲವಂತೆ ಕಣೇ. ನನಗೇ ಬಂದಿದೆ."

ಅವಳ ಕೈ ಜಾರಿನ ಮುಚ್ಚಳದ ಮೇಲೆಯೇ ನಿಂತಿತು. ಎಷ್ಟು ದೊಡ್ಡದು ಎಂದು ಕೇಳಿದಳು. ಕಡ್ಡಿ ಹೆಬ್ಬೆರಳು ತೋರಿಸಿ, ಅದರ ಮೇಲೆ ಇನ್ನಷ್ಟು ಗಾಳಿಯನ್ನೂ ಸೇರಿಸಿ, ಇಷ್ಟು ಎಂದ.

"ಹೆಸರೇನಂತೆ?"

"ಸಬ್… ಸಬ್‌ಕ್ಲೇವಿಯಸ್ಸು. ಯಾರಿಗೂ ಹೇಳಬೇಡ. ಸಮಯ ನೋಡಿ ನಾನೇ ಎಲ್ಲರಿಗೂ ಹೇಳ್ತೀನಿ. ನಿನ್ನ ತಮ್ಮನಿಗಂತೂ ನಾನೇ ಹೇಳಬೇಕು."

ಹೀಗೆಂದು ಅವನು ನಗುನಗುತ್ತಾ ಕೈಕಾಲು ತೊಳೆಯಲು ಹೋದ. ಆ ನಗು ನೋಡಿ ಅವಳ ಕರುಳು ಕಿತ್ತು ಬಂತು. ಇಷ್ಟು ದೊಡ್ಡ ಗಡ್ಡೆಯ ಕಾಯಿಲೆಯನ್ನು ಮೈಯಲ್ಲಿ ಇಟ್ಟುಕೊಂಡು, ನಾನು ಹೆದರಬಾರದೆಂದು ನಗುತ್ತಾರಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಯಾರಿಗೂ ಹೇಳಬೇಡ ಎಂದಿದ್ದ ಕಾರಣ, ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರಿಗೆ, ಅಂಗಡಿ ಯಜಮಾನರಿಗೆ ಮತ್ತು ತಮ್ಮನಿಗೆ ಮಾತ್ರ ಹೇಳಿದಳು. ಊರಿಗೆ ತಿಳಿಸಲು ಸ್ಟೇಷನ್ ಮಾಸ್ತರರೊಬ್ಬರೇ ಸಾಕಿತ್ತು.

ಮರುದಿನದಿಂದ ಕಡ್ಡಿಯ ಬದುಕು ಬದಲಾಯಿತು. ಬೆಳಿಗ್ಗೆ ಅವನ ಲೋಟಕ್ಕೆ ಹಾಲಿನ ಕೆನೆಯೆಲ್ಲ ಬಿತ್ತು. ಮದುವೆಯಾದಂದಿನಿಂದ ಆ ಕೆನೆ ಬೆಣ್ಣೆಯ ಪಾತ್ರೆ ಬಿಟ್ಟು ಬೇರೆಡೆ ಹೋದದ್ದಿಲ್ಲ. ಕ್ರೀಡಾಪಟುಗಳ ಆಹಾರ ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ಅವಳು ಬೈಯಲಿಲ್ಲ. ಎತ್ತಿ ಮಡಿಚಿ, ಒಂದು ಕ್ಷಣ ಎದೆಗೊತ್ತಿಕೊಂಡು, ಒಣಗಹಾಕಿದಳು. ಒಂದು ಮಾಂಸಖಂಡಕ್ಕೆ ಸಂಸಾರದಲ್ಲಿ ಇಷ್ಟು ಬೆಲೆಯಿದೆಯೆಂದು ಮೊದಲೇ ಗೊತ್ತಿದ್ದರೆ ಚಿಕ್ಕಂದಿನಲ್ಲೇ ಬೆಳೆಸಿಕೊಳ್ಳುತ್ತಿದ್ದೆನಲ್ಲ ಎನಿಸಿತು ಅವನಿಗೆ.

ಅಂಗಡಿಯಲ್ಲಿ ಇನ್ನೂ ಅಚ್ಚರಿ ಕಾದಿತ್ತು. ಕಡ್ಡಿಯನ್ನು ಸದಾ 'ನೀನು' ಎನ್ನುತ್ತಿದ್ದ ಯಜಮಾನರು ಅಂದು 'ನೀವು' ಎಂದರು. ಕುರ್ಚಿ ಕೊಟ್ಟರು. ಏಣಿ ಮುಟ್ಟಬೇಡಿ, ಬಟ್ಟೆ ಅಳೆದುಕೊಂಡು ಕೂತಿರಿ, ಅದೂ ಬೇಜಾರಾದರೆ ಸುಮ್ಮನೆ ಕೂತಿರಿ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ನಿಮ್ಮದೊಂದು ಫೋಟೋ ಬೇಕು, ಮುಂದೆ ಅಂಗಡಿಯ ಗೋಡೆಗೆ ಹಾಕಬೇಕೆಂದಿದ್ದೇನೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದರು.

ಕಡ್ಡಿ ಗಂಭೀರನಾಗಿ ಯೋಚಿಸಿದ. "ಎದೆಯಿಂದ ಮೇಲಕ್ಕೆ ತೆಗೆಸ್ತೀನಿ ಯಜಮಾನ್ರೆ. ಅಂಗಿ ಗುಂಡಿ ಎರಡು ಬಿಚ್ಚಿ. ಅದು ಇರೋ ಜಾಗ ಜನಕ್ಕೆ ಕಾಣಬೇಕಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಧೈರ್ಯ ಎಂದರೆ ಏನೆಂದು ಕಲಿಯಬೇಕಾದರೆ ಆ ಕುರ್ಚಿಯ ಕಡೆ ನೋಡಿ ಎಂದು ಪಿಸುಗುಟ್ಟಿದರು.

ಸಂಜೆ ಸ್ಟೇಷನ್ ಮಾಸ್ತರರು ಬಂದರು. ಎಂಥ ಸುದ್ದಿಯನ್ನಾದರೂ ರೈಲು ತಡವಾಗಿದೆ ಎಂದು ಸಾರುವ ಧ್ವನಿಯಲ್ಲೇ ಹೇಳುವುದು ಅವರ ಅಭ್ಯಾಸ. ಅದರ ಹೆಸರೇನೆಂದು ಕೇಳಿದರು. ಕಡ್ಡಿ ಹೇಳಿದ. ಅವರು ಕಣ್ಣು ಮುಚ್ಚಿ, ಗೊತ್ತು, ನಮ್ಮ ಸಿಗ್ನಲ್ ವಿಭಾಗದವರೊಬ್ಬರಿಗೂ ಅದೇ ಇತ್ತು, ಕೊನೆಯವರೆಗೂ ಹೋರಾಡಿದರು ಎಂದರು. ಯಾರ ಜೊತೆ ಎಂದು ಕಡ್ಡಿ ಆಸಕ್ತಿಯಿಂದ ಕೇಳಿದ. ಅದರ ಜೊತೆಯೇ ಎಂದರು ಮಾಸ್ತರರು.

"ಗೆದ್ದರಾ?"

ಮಾಸ್ತರರು ಸೂರು ನೋಡಿದರು. ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ಕಲ್ಲುಮನಸ್ಸು ಅವರಿಗಿರಲಿಲ್ಲ. ಮಾತು ಬದಲಿಸಿ, ಡಾಕ್ಟರು ಎಷ್ಟು ಕಾಲ ಅಂದಿದ್ದಾರೆ ಎಂದು ಮೆಲ್ಲಗೆ ವಿಚಾರಿಸಿದರು.

"ಆರು ವಾರ ಅಂದ್ರು."

"ಅಷ್ಟೇನಾ?" ಮಾಸ್ತರರ ಧ್ವನಿ ನಡುಗಿತು. "ಆಮೇಲೆ?"

"ಆಮೇಲೇನು, ಬಿಡುಗಡೆ. ಕೈ ಎತ್ತಿ ಹಕ್ಕಿ ಥರ ಹಾರಾಡಬಹುದು."

ಮಾಸ್ತರರು ಎದ್ದು ನಿಂತು ಅವನಿಗೆ ಕೈಮುಗಿದರು. ಬೀದಿಗೆ ಹೋಗಿ, ಇಷ್ಟು ವರ್ಷ ನಮ್ಮ ಪಕ್ಕದ ಗೋಡೆಯಾಚೆ ಒಬ್ಬ ಜ್ಞಾನಿ ಇದ್ದ, ನಾವು ಅವನನ್ನು ಬರೀ ಕಡ್ಡಿ ಎಂದುಕೊಂಡೆವು ಎಂದು ಸಾರಿದರು. ಅಂದಿನಿಂದ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಹಣ್ಣು ತಂದರು. ನೋವಿದೆಯೇ ಎಂದು ಕೇಳಿದವರಿಗೆ ಕಡ್ಡಿ, ನೋವಲ್ಲ, ಹೆಮ್ಮೆ ಎನ್ನುತ್ತಿದ್ದ. ಅವರು ಕೈಮುಗಿದು ಎದ್ದು ಹೋಗುತ್ತಿದ್ದರು. ಇದೆಲ್ಲ ಒಂದು ಮಾಂಸಖಂಡಕ್ಕೆ ತುಸು ಹೆಚ್ಚಾಯಿತೇನೋ ಎಂಬ ಅನುಮಾನ ಒಂದೆರಡು ಸಲ ಅವನಿಗೂ ಬಂದದ್ದುಂಟು. ಆದರೆ ಹೊಗಳಿಕೆ ಹೆಚ್ಚಾಯಿತೆಂದು ಯಾರು ವಾಪಸು ಕೊಡುತ್ತಾರೆ?

ರಜೆಯ ದಿನ ಪೈಲ್ವಾನ ಬಂದ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಅಂದು ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಮಾಸ್ತರರೂ ಯಜಮಾನರೂ ಆಗಲೇ ಬಂದು ಕುರ್ಚಿಗಳಲ್ಲಿ ಕೂತಿದ್ದರು. ಪೈಲ್ವಾನನ ಕಣ್ಣು ಕೆಂಪಗೆ ಊದಿಕೊಂಡಿತ್ತು.

"ಭಾವ, ನಾನು ಅವತ್ತು ನಿಮ್ಮನ್ನ ಎತ್ತಬಾರದಾಗಿತ್ತು."

ಕಡ್ಡಿ ಈ ಗಳಿಗೆಗಾಗಿ ವರ್ಷಗಟ್ಟಲೆ ಕಾದಿದ್ದ. ಬಂದಾಗ ಅವನ ಮನಸ್ಸು ದೊಡ್ಡದಾಯಿತು. ಮೃದುವಾಗಿ ಹೇಳಿದ: "ಹೋಗಲಿ ಬಿಡು. ಇನ್ನು ಮುಂದೆ ನೀನು ಎತ್ತಬೇಕು ಅಂದ್ರೂ ನಾನು ಸಿಗಲ್ಲ."

ಪೈಲ್ವಾನ ಚೌಕಟ್ಟಿಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತ. ಬಾಗಿಲ ಮೇಲಿನ ಗಡಿಯಾರ ಅಲುಗಾಡಿತು. ಸೋಲನ್ನು ಇಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆಂದು ಕಡ್ಡಿ ನಿರೀಕ್ಷಿಸಿರಲಿಲ್ಲ. ಬೆನ್ನು ತಟ್ಟಿ ಒಳಗೆ ಕರೆದುಕೊಂಡು ಬಂದ. ಏನು ಬೇಕಾದರೂ ಕೇಳಿ ಭಾವ, ಇಲ್ಲ ಅನ್ನುವುದಿಲ್ಲ ಎಂದ ಪೈಲ್ವಾನ. ಕಡ್ಡಿ ಎಡಗೈಯಿಂದ ಅಂಗಿಯ ತೋಳು ಮಡಿಚಿದ. ಈ ಜನರೆಲ್ಲರ ಮುಂದೆ ಮೇಜಿನ ಮೇಲೆ ಮೊಣಕೈ ಊರಿ ನನ್ನ ಜೊತೆ ಒಂದು ಸಲ ಪಂಜ ಹಿಡಿ ಎಂದ.

ಪೈಲ್ವಾನ ಅಕ್ಕನ ಮುಖ ನೋಡಿದ. ಅವಳು ಅವನನ್ನು ಅಡುಗೆಮನೆಗೆ ಕರೆದು, ಅವರ ಆಸೆ ಕಣೋ, ನಡೆಸಿಕೊಡು ಎಂದಳು.

ಪಂಜ ಶುರುವಾಯಿತು. ಕಡ್ಡಿಯ ತೋಳು ಮೇಜಿನ ಮೇಲೆ ಪೆನ್ಸಿಲಿನಂತೆ ನಿಂತಿತ್ತು, ಎದುರಿನದು ಕಂಬ. ಪೈಲ್ವಾನ ಹಲ್ಲು ಕಚ್ಚಿದ, ಮುಖ ಕೆಂಪಗೆ ಮಾಡಿದ, ಹೂಂಕರಿಸಿದ, ನಿಧಾನವಾಗಿ ಕೈಯನ್ನು ವಾಲಿಸಿಕೊಂಡು ಸೋತ. ಮೇಜಿಗೆ ಕೈ ತಾಗಿದ ಸದ್ದಿನ ಜೊತೆಗೇ ಯಜಮಾನರ ಬಿಕ್ಕು ಕೇಳಿಸಿತು. ಗೆದ್ದವನಿಗಾಗಿ ನೋಡುವವರೆಲ್ಲ ಅಳುವ ಪಂದ್ಯವನ್ನು ಲೋಕ ಹಿಂದೆಂದೂ ಕಂಡಿರಲಿಲ್ಲ.

ಕಡ್ಡಿ ಅಷ್ಟಕ್ಕೇ ತೃಪ್ತನಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಗೆದ್ದ ಕಡ್ಡಿಯ ತಲೆಗೆ ರಕ್ತವೇರಿತು. ಎದ್ದು ನಿಂತು, ಈಗ ನಾನು ಇವನನ್ನು ಎತ್ತುತ್ತೇನೆ ಎಂದು ಘೋಷಿಸಿದ. ಡಾಕ್ಟರಮ್ಮನ ಆರು ವಾರಗಳನ್ನು ಅವನು ಮರೆತಿರಲಿಲ್ಲ. ಆದರೆ ಕೈ ಮೇಲೆತ್ತಬಾರದು ಎಂದಿದ್ದರೇ ಹೊರತು ಭಾವಮೈದನನ್ನು ಎತ್ತಬಾರದು ಎಂದಿರಲಿಲ್ಲ. ಬೇಡ ರೀ ಎಂದಳು ಹೆಂಡತಿ. ಮಾಸ್ತರರು ಅವಳ ಕಿವಿಯಲ್ಲಿ, ತಡೆಯಬೇಡಮ್ಮ, ಇಂಥ ಆಸೆ ಉಳಿದುಬಿಟ್ಟರೆ ಒಳ್ಳೆಯದಲ್ಲ ಎಂದರು.

ಕಡ್ಡಿ ಬಗ್ಗಿ ಪೈಲ್ವಾನನ ಸೊಂಟವನ್ನು ಅಪ್ಪಿಕೊಂಡ. ಎರಡು ಕೈಗಳೂ ಹಿಂದೆ ಸೇರಲಿಲ್ಲ. ಒಂದು, ಎರಡು ಎಂದು ಎಣಿಸಿದ. ಪೈಲ್ವಾನ ಒಳ್ಳೆಯ ಮನುಷ್ಯ. ಭಾವನಿಗೆ ಕಷ್ಟವಾಗಬಾರದೆಂದು, ಮೂರು ಎನ್ನುವ ಹೊತ್ತಿಗೆ ತಾನೇ ಸಣ್ಣದಾಗಿ ನೆಗೆದ. ಒಂದು ಗಳಿಗೆ ಅವನ ಕಾಲುಗಳು ನಿಜವಾಗಿಯೂ ನೆಲ ಬಿಟ್ಟಿದ್ದವು. ಎಲ್ಲರೂ ನೋಡಿದರು. ನೆಗೆದವನು ಕೆಳಗೆ ಬರಲೇಬೇಕಲ್ಲ, ಬಂದ. ಕಡ್ಡಿ ಅವನ ಜೊತೆ ಪಕ್ಕಕ್ಕೆ ವಾಲಿ ಬಲ ಹೆಗಲ ಮೇಲೆ ಬಿದ್ದ. ಒಣಕಟ್ಟಿಗೆ ಮುರಿದಂತೆ ಟಕ್ ಎಂಬ ಸದ್ದಾಯಿತು.

ಆಸ್ಪತ್ರೆಗೆ ಕಡ್ಡಿಯನ್ನು ಪೈಲ್ವಾನನೇ ಎತ್ತಿಕೊಂಡು ಓಡಿದ. ಈ ಸಲ ಕಡ್ಡಿ ಬೇಡವೆನ್ನಲಿಲ್ಲ. ಎಕ್ಸ್‌ರೇ ತೆಗೆದರು. ಅದೇ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು, ಕೊರಳೆಲುಬು ಸರಿಯಾಗಿ ನಡುವೆ ಮುರಿದಿದೆ ಎಂದರು. ಹೆಂಡತಿ ಎಕ್ಸ್‌ರೇಯತ್ತ ಬಗ್ಗಿ ನೋಡಿದಳು.

"ಅಂದ್ರೆ ಅದು ಮೂಳೆಯನ್ನೂ ತಿಂದುಬಿಡ್ತಾ ಡಾಕ್ಟ್ರೇ?"

"ಯಾವುದು?"

"ಅದೇ, ಬೆಳೆದಿದೆ ಅಂದ್ರಲ್ಲ. ಸಬ್ ಅಂತ ಏನೋ. ಆರು ವಾರ ಅಂದ್ರಂತಲ್ಲ."

ಡಾಕ್ಟರಮ್ಮ ಎಕ್ಸ್‌ರೇ ಕೆಳಗಿಟ್ಟರು. "ನೋಡಿಮ್ಮ, ಬೆಳೆದಿರೋದು ಮಾಂಸಖಂಡ. ಎಲ್ಲರಿಗೂ ಇರೋದೇ, ಇವರಿಗೆ ಸ್ವಲ್ಪ ದಪ್ಪ. ದಿನಾ ಕೈ ಎತ್ತಿ ಪರದೆ ಕಟ್ಟಿ ಕಟ್ಟಿ ಆಗಿರಬಹುದು. ಆರು ವಾರ ಕೈಗೆ ರೆಸ್ಟ್ ಕೊಡಿ ಅಂದಿದ್ದೆ. ಇದರಿಂದ ಯಾರೂ ಸಾಯಲ್ಲ."

ಮೊದಲು ತಲೆ ಎತ್ತಿದವನು ಪೈಲ್ವಾನ. "ಹಾಗಾದ್ರೆ ನಾನು ಯಾಕೆ ಸೋತೆ?"

ಮಂಚದ ಮೇಲೆ ಮಲಗಿದ್ದ ಕಡ್ಡಿಗೆ ಎಲ್ಲವೂ ಒಂದೊಂದಾಗಿ ಅರ್ಥವಾಗತೊಡಗಿತು: ಕುರ್ಚಿ, ಫೋಟೋ, ಹಣ್ಣು, ಕೈಮುಗಿದ ಮಾಸ್ತರರು. ಹೆಂಡತಿಯ ಕಡೆ ತಿರುಗಿದ.

"ಅಂದ್ರೆ ನಾನು ಸಾಯ್ತೀನಿ ಅಂತ ನೀನು ಕೆನೆ ಹಾಕ್ತಿದ್ದೆಯಾ?"

"ಮತ್ತೆ ಇನ್ಯಾತಕ್ಕೆ ಹಾಕ್ತಾರೆ?" ಎಂದು ಅವಳು ನಕ್ಕಳು, ಅತ್ತಳು, ಮೂಗು ಒರೆಸಿಕೊಂಡಳು. ಆಮೇಲೆ ಬೈಯಲು ಶುರುಮಾಡಿದಳು. ಮಿಕ್ಸಿ ಓಡುವಾಗ ಮಾತಾಡಿದ್ದಕ್ಕೆ, ಒದ್ದೆ ಟವೆಲುಗಳಿಗೆ, ಇಷ್ಟು ದಿನ ಉಳಿಸಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಒಟ್ಟಿಗೆ ಬೈದಳು. ನರ್ಸು ಬಂದು ಇದು ಆಸ್ಪತ್ರೆ ಎಂದು ನೆನಪಿಸಬೇಕಾಯಿತು. ಕಡ್ಡಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳ ಬೈಗುಳ ನಿಂತುಹೋದ ಮೇಲೆ ಮನೆ ಎಷ್ಟು ಬಿಕೋ ಎನ್ನುತ್ತಿತ್ತೆಂದು ಅವನಿಗೆ ಆಗ ಹೊಳೆಯಿತು.

ಅವಳು ನೀರು ಕುಡಿಯಲು ಹೋದಾಗ ಅವನು ಪೈಲ್ವಾನನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ.

"ನಿಜ ಹೇಳು. ಸ್ವಲ್ಪನಾದ್ರೂ ಕಷ್ಟ ಆಯ್ತಾ?"

ಪೈಲ್ವಾನನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಳು ತಡ್ಕೊಳ್ಳೋದು ಕಷ್ಟ ಆಯ್ತು ಭಾವ."

ಡಾಕ್ಟರಮ್ಮ ಕೈಗೆ ಜೋಲಿ ಕಟ್ಟುತ್ತಾ, ಬೆರಳು ಮುಟ್ಟಿ ನೋಡಿ, ನಾಡಿ ಹಿಡಿದು ನೋಡಿ, ಸಮಾಧಾನದಿಂದ ತಲೆಯಾಡಿಸಿದರು. ಕೊರಳೆಲುಬು ಮುರಿದರೆ ಹೆದರಿಕೆ ಮೂಳೆಯದ್ದಲ್ಲ, ಅದರ ಕೆಳಗೆ ಹೋಗುವ ದೊಡ್ಡ ರಕ್ತನಾಳದ್ದು, ಕೈಯ ನರಗಳದ್ದು. ಮುರಿದ ತುದಿ ಚೂರಿಯ ಹಾಗಿರುತ್ತದೆ, ಚುಚ್ಚಿದರೆ ಪ್ರಾಣಕ್ಕೇ ಕುತ್ತು ಎಂದರು. ಮೂಳೆಗೂ ನಾಳಕ್ಕೂ ನಡುವೆ ಮೆತ್ತೆಯ ಹಾಗೆ ಮಲಗಿರುವುದು ಆ ಪುಟ್ಟ ಮಾಂಸಖಂಡವೇ.

"ಅದಕ್ಕೆ ಭಾರ ಎತ್ತೋಕೆ ಬರಲ್ಲ," ಎಂದರು ಡಾಕ್ಟರಮ್ಮ. "ಮೂಳೆಯನ್ನ ಅಲ್ಲಾಡದ ಹಾಗೆ ಹಿಡ್ಕೊಳ್ಳುತ್ತೆ. ಇಂಥ ದಿನ ಬಂದ್ರೆ ಮಧ್ಯದಲ್ಲಿ ಅಡ್ಡ ಇರುತ್ತೆ. ನಿಮಗೆ ಅದು ದಪ್ಪಗಿದ್ದದ್ದು ಇವತ್ತು ಒಳ್ಳೇದೇ ಆಯ್ತು ಅಂತ ಕಾಣುತ್ತೆ."

ಕಡ್ಡಿ ಈ ಸಲ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡ. ಹೆಂಡತಿ ಬಂದ ಮೇಲೆ, ಇನ್ನೊಂದು ಸಲ ಹೇಳಿ ಡಾಕ್ಟ್ರೇ, ಇವಳೂ ಕೇಳಲಿ ಎಂದ.

ಸುದ್ದಿಯನ್ನು ಹಿಂದಕ್ಕೆ ಪಡೆಯುವುದು ಹರಡಿದಷ್ಟು ಸುಲಭವಲ್ಲ. ಅಂಗಡಿ ಯಜಮಾನರು ಸಂತೋಷಪಟ್ಟರು. ಎರಡನೆಯ ಮಾತಿಗೇ ಮತ್ತೆ 'ನೀನು' ಎಂದರು, ಕುರ್ಚಿಯನ್ನು ಮಾತ್ರ ಜೋಲಿ ಬಿಚ್ಚುವವರೆಗೆ ಇಟ್ಟುಕೋ ಎಂದರು. ನಿಜವಾಗಿ ಪೆಚ್ಚಾದವರು ಸ್ಟೇಷನ್ ಮಾಸ್ತರರು. ಅವರು ಮೂರು ಸಂಜೆ ಕೂತು ಒಂದು ಶ್ರದ್ಧಾಂಜಲಿ ಭಾಷಣ ಬರೆದು, ತಿದ್ದಿ, ಕನ್ನಡಿಯ ಮುಂದೆ ಓದಿ ನೋಡಿಕೊಂಡಿದ್ದರು. ಬರೆದದ್ದು ದಂಡವಾಗಬಾರದು ಎಂದು ಹಾಳೆ ಹಿಡಿದುಕೊಂಡು ಮನೆಗೇ ಬಂದರು. 'ಇದ್ದರು' ಎಂದಿರುವಲ್ಲೆಲ್ಲ 'ಇದ್ದಾರೆ' ಎಂದು ಓದುತ್ತೇನೆ, ಅನುಮತಿ ಕೊಡಿ ಎಂದರು.

ಎಲ್ಲರೂ ಕೂತರು. ಪೈಲ್ವಾನ ನೆಲದ ಮೇಲೆ ಕೂತ, ಕುರ್ಚಿಗಳ ಹಿತದೃಷ್ಟಿಯಿಂದ. ಮಾಸ್ತರರು ಓದಿದರು. ನೂರಾರು ಮನೆಗಳ ಕಿಟಕಿಗೆ ಮರ್ಯಾದೆ ಕಟ್ಟಿದವರು ಎಂದರು. ಏಣಿಯ ಮೇಲೆ ನಿಂತರೂ ಯಾರನ್ನೂ ಕೀಳಾಗಿ ಕಾಣದವರು ಎಂದರು. ಪತ್ನಿಯ ಮಾತನ್ನು ಎಂದೂ ಮೀರದವರು ಎಂದಾಗ ಹೆಂಡತಿ ಕೆಮ್ಮಿದಳು. ಕಡ್ಡಿಯ ಕಣ್ಣಲ್ಲಿ ನೀರು ಧಾರಾಕಾರ. ತಾನು ಇಷ್ಟು ಒಳ್ಳೆಯವನೆಂದು ಅವನಿಗೇ ಗೊತ್ತಿರಲಿಲ್ಲ. ಏಣಿಯ ಸಾಲನ್ನು ಇನ್ನೊಮ್ಮೆ ಓದಿ ಎಂದು ಕೇಳಿಕೊಂಡ. ಮಾಸ್ತರರು ಸಂತೋಷದಿಂದ ಓದಿದರು.

ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಮಾಸ್ತರರು ತಮ್ಮ ಭಾಷಣದಲ್ಲಿ ತಾವೇ ಮುಳುಗಿಹೋಗಿದ್ದರು. ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆಯೇ ಓದಿಬಿಟ್ಟರು: "ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ."

ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದರು. ಕಡ್ಡಿಯೂ ಗೌರವದಿಂದ ಜೋಲಿ ಹಿಡಿದುಕೊಂಡು ಏಳಲು ಹೊರಟ. ಹೆಂಡತಿ ಅವನ ಎಡ ಹೆಗಲನ್ನು ಒತ್ತಿ ಕೂರಿಸಿದಳು.

"ನೀವು ಕೂತ್ಕೊಳ್ರೀ," ಎಂದು ಪಿಸುಗುಟ್ಟಿದಳು. "ನಾವೆಲ್ಲ ನಿಂತಿರೋದು ನಿಮಗೋಸ್ಕರ."